‘ಇಲ್ಲ’ ಎನ್ನಬಲ್ಲ ಅನುಕಲನ

ಅವಕಲನಕ್ಕೆ ನಿಯಮ ಸಾಕು, ಅನುಕಲನಕ್ಕೆ ಕೈಚಳಕ ಬೇಕು ಎಂಬುದು ನಮ್ಮ ಪಿಯುಸಿ ತರಗತಿಗಳ ರೂಢಿಯ ಮಾತು. ಗಣಿತಜ್ಞ ರಾಬರ್ಟ್ ರಿಶ್ 1969ರಲ್ಲಿ ಪ್ರಕಟಿಸಿದ ಅನುಕಲನ ವಿಧಾನ ಈ ನಂಬಿಕೆಯ ಬುಡವನ್ನೇ ಅಲುಗಿಸಿತು. 1830ರ ದಶಕದ ಲಿಯೂವಿಲ್ ಸಿದ್ಧಾಂತವೇ ಅದಕ್ಕೆ ಅಡಿಪಾಯ.

ಈ ವಿಧಾನದಲ್ಲಿ ಸೈನ್, ಕೊಸೈನ್‌ಗಳನ್ನು ಮಿಶ್ರ ಸಂಖ್ಯೆಗಳ ನೆರವಿನಿಂದ ಘಾತೀಯ ಫಲನಗಳಾಗಿ ಬರೆದು, ಆ ಘಾತೀಯವನ್ನೇ ಹೊಸ ಚರಾಕ್ಷರವೆಂದು ಹಿಡಿದರೆ ಉಳಿಯುವುದು ಬರೀ ಬೀಜಗಣಿತ. ಘಾತೀಯವನ್ನು ಸೈನ್‌ನಿಂದ ಗುಣಿಸಿದ ಲೆಕ್ಕಕ್ಕೆ ಪಠ್ಯಪುಸ್ತಕ ಎರಡು ಬಾರಿ ಭಾಗಶಃ ಅನುಕಲನ ಮಾಡಿಸುತ್ತದೆ. ಇಲ್ಲಿ ಒಂದೇ ಭಾಗಾಕಾರದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ವೇಗಕ್ಕಿಂತ ದೊಡ್ಡ ಗುಣವೆಂದರೆ, ‘ಉತ್ತರವಿಲ್ಲ’ ಎಂದು ಸಾಧಿಸಿ ತೋರಿಸುವ ಶಕ್ತಿ. ‘ಇ’ಯ ಘಾತ ಮೈನಸ್ ಎಕ್ಸ್ ವರ್ಗವಾಗಿರುವ ಫಲನವನ್ನೇ ನೋಡಿ. ಪ್ರಾಥಮಿಕ ಫಲನಗಳಲ್ಲಿ ಇದರ ಅನುಕಲ ಇರುವುದೇ ಆದರೆ, ಅದು ಇದೇ ಘಾತೀಯವನ್ನು ಒಂದು ಭಾಗಲಬ್ಧ ಫಲನದಿಂದ ಗುಣಿಸಿದ ರೂಪದಲ್ಲೇ ಇರಬೇಕು. ಆ ಫಲನದ ಅವಕಲದಿಂದ ಅದರ 2ಎಕ್ಸ್ ಪಟ್ಟನ್ನು ಕಳೆದರೆ 1 ಉಳಿಯಬೇಕು. ಅದು ಬಹುಪದಿಯಾದರೆ ಡಿಗ್ರಿ ಏರಿ 1 ಸಿಗುವುದಿಲ್ಲ. ಛೇದದಲ್ಲಿ ಚರಾಕ್ಷರವಿದ್ದರೆ ಅವಕಲದಲ್ಲಿ ಛೇದದ ಘಾತ ಹೆಚ್ಚುತ್ತದೆ, ಅದನ್ನು ರದ್ದುಮಾಡುವ ಪದವೇ ಇಲ್ಲ. ಯಾವ ಕೈಚಳಕಕ್ಕೂ ಎಟುಕದ ತೀರ್ಮಾನವಿದು.

ದೋಷಗಳೂ ಸಣ್ಣವಲ್ಲ. 1ನ್ನು ‘2 ಕೂಡಿಸು ಕೊಸೈನ್ ಎಕ್ಸ್’ನಿಂದ ಭಾಗಿಸಿದ ಫಲನ ಎಲ್ಲೆಡೆಯೂ ಧನಾತ್ಮಕ. ಘಾತೀಯ ರೂಪದಲ್ಲಿ ದೊರೆಯುವ ಲಾಗರಿದಮ್‌ಗೆ 0 ಮತ್ತು 2ಪೈ ಬೆಲೆಗಳನ್ನು ಕಣ್ಣುಮುಚ್ಚಿ ಹಾಕಿದರೆ ಬರುವ ಉತ್ತರ ಸೊನ್ನೆ! ನಿಜವಾದ ಬೆಲೆ ಸುಮಾರು 3.63. ಮಿಶ್ರ ಲಾಗರಿದಮ್ ನಡುದಾರಿಯಲ್ಲಿ ಶಾಖೆ ಹಾರಿದ್ದೇ ಇದಕ್ಕೆ ಕಾರಣ. ಇನ್ನೊಂದು ತೊಡಕೂ ಇದೆ: ವಿಧಾನದ ಹೆಜ್ಜೆಹೆಜ್ಜೆಗೂ ಒಂದು ಸ್ಥಿರಾಂಕ ಸೊನ್ನೆಯೋ ಅಲ್ಲವೋ ಎಂದು ನಿರ್ಧರಿಸಬೇಕು, ಅದಕ್ಕೆ ಎಲ್ಲ ಸಂದರ್ಭಕ್ಕೂ ಒದಗುವ ಕ್ರಮ ಇನ್ನೂ ಕೈಗೆ ಬಂದಿಲ್ಲ. ಬೀಜಗಣಿತೀಯ ಮೂಲಗಳು ಬೆರೆತರೆ ಲೆಕ್ಕ ಇನ್ನಷ್ಟು ಕಗ್ಗಂಟು.

ಇಷ್ಟಾದರೂ ಈ ವಿಧಾನ ತರಗತಿಗೆ ಬರಬೇಕು. ಅನುಕಲನವನ್ನು ಸೂತ್ರಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವ ಶಿಕ್ಷಕರು, ಯಾವ ಲೆಕ್ಕಕ್ಕೆ ಏಕೆ ಉತ್ತರವಿಲ್ಲ ಎಂಬ ಒಂದು ಪಾಠವನ್ನಾದರೂ ಮಾಡಲಿ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಅವಕಲಿಸಿ ನೋಡಿದರಷ್ಟೇ ಸಾಲದು, ಮಿತಿಗಳ ನಡುವೆ ಅದು ಎಲ್ಲೂ ಜಿಗಿದಿಲ್ಲವೆಂದೂ ಖಚಿತಪಡಿಸಿಕೊಳ್ಳಿ.