ಫೈಲಿನಲ್ಲೊಂದು ಹೆಸರು, ಓಡುವಾಗೊಂದು ಆಬ್ಜೆಕ್ಟ್

ಜಾವಾ ಭಾಷೆಯಲ್ಲಿ ಆಬ್ಜೆಕ್ಟ್ ಬೇಕಾದಾಗ ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ‘ನ್ಯೂ’ ಎಂದು ಬರೆದು ಮುಂದೆ ಕ್ಲಾಸಿನ ಹೆಸರು ಹಾಕುತ್ತಾರೆ. ಹೆಸರು ತಪ್ಪಿದರೆ ಕಂಪೈಲರ್ ಅಲ್ಲೇ ಹಿಡಿಯುತ್ತದೆ. ಇನ್ನೊಂದು ದಾರಿಯೂ ಇದೆ: ಕ್ಲಾಸಿನ ಹೆಸರನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದಿಡುವುದು, ಪ್ರೋಗ್ರಾಂ ಓಡುವಾಗ ಅದನ್ನು ಓದಿ, ‘ಕ್ಲಾಸ್.ಫಾರ್‌ನೇಮ್’ ಎಂದು ಕೇಳಿ, ಆಬ್ಜೆಕ್ಟನ್ನು ಆ ಕ್ಷಣದಲ್ಲೇ ಕಟ್ಟಿಕೊಳ್ಳುವುದು. ಪ್ರೋಗ್ರಾಂ ಬರೆದವರು ಆ ಕ್ಲಾಸನ್ನು ಕಂಡೇ ಇರಬೇಕೆಂದಿಲ್ಲ. ಇಷ್ಟು ಚಿಕ್ಕದಾಗಿದ್ದು ಇಷ್ಟು ದೂರ ಒಯ್ಯುವ ಉಪಾಯಗಳು ಈ ಕಸುಬಿನಲ್ಲಿ ವಿರಳ.

1997ರ ಜಾವಾ 1.1 ಜೊತೆ ಬಂದ, ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಈ ಉಪಾಯವನ್ನು ಮನೆಮಾತಾಗಿಸಿತು. ಡೇಟಾಬೇಸ್ ಡ್ರೈವರ್‌ನ ಹೆಸರು ಒಂದು ಪ್ರಾಪರ್ಟೀಸ್ ಫೈಲಿನಲ್ಲಿದ್ದರೆ ಸಾಕು, ಮೈಎಸ್‌ಕ್ಯೂಎಲ್ ಬಿಟ್ಟು ಒರಾಕಲ್ ಹಿಡಿಯುವವರು ಡ್ರೈವರ್‌ಗಾಗಿ ಕೋಡನ್ನು ಮತ್ತೆ ಕಂಪೈಲ್ ಮಾಡಬೇಕಿರಲಿಲ್ಲ.

ಈ ಉಪಾಯವನ್ನು ಇಡೀ ಅಪ್ಲಿಕೇಶನ್‌ಗೆ ಹಬ್ಬಿಸಿದ್ದು ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕ್. ರಾಡ್ ಜಾನ್ಸನ್ 2002ರಲ್ಲಿ ಜೆ2ಇಇ ವಿನ್ಯಾಸದ ಬಗ್ಗೆ ಬರೆದ ಪುಸ್ತಕದ ಜೊತೆಗಿದ್ದ ಕೋಡಿನಿಂದಲೇ ಅದು ಬೆಳೆಯಿತು. 2004ರ ಮಾರ್ಚ್‌ನಲ್ಲಿ 1.0 ಬಂತು. ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ‘ಬೀನ್’ಗಳ ಸಾಲು: ಪ್ರತಿ ಬೀನಿಗೂ ಒಂದು ಗುರುತು, ಒಂದು ಕ್ಲಾಸ್, ಅದಕ್ಕೆ ತುಂಬಬೇಕಾದ ಮೌಲ್ಯಗಳು, ಅದು ಆತುಕೊಳ್ಳುವ ಬೇರೆ ಬೀನ್‌ಗಳು. ಸ್ಪ್ರಿಂಗ್ ಅದನ್ನು ಓದಿ ಒಂದೊಂದನ್ನೇ ಕಟ್ಟಿ, ಒಂದಕ್ಕೊಂದನ್ನು ಜೋಡಿಸಿ, ಶುರುವಿನಲ್ಲಿ ಕರೆಯಬೇಕಾದ ಮೆಥಡ್ ಯಾವುದಾದರೂ ಇದ್ದರೆ ಅದನ್ನು ಕರೆದು ಕೊಡುತ್ತದೆ. ಚೆನ್ನಾಗಿ ಬರೆದ ಅಂಥ ಫೈಲನ್ನು ಓದುವುದೇ ಒಂದು ಸುಖ. ಯಾವ ಭಾಗ ಯಾವುದರ ಮೇಲೆ ನಿಂತಿದೆ ಎಂಬುದು ಒಂದೇ ಕಡೆ ಕಾಣುತ್ತದೆ, ಪರೀಕ್ಷೆಗೆ ನಿಜವಾದ ಡೇಟಾಬೇಸ್ ಬದಲು ನಕಲಿಯನ್ನು ಒಂದೇ ಸಾಲಿನಲ್ಲಿ ಕೂರಿಸಬಹುದು.

ಕೆಟ್ಟದಾಗಿ ಬರೆದರೆ ಅದೇ ಫೈಲು ಸಾವಿರಾರು ಸಾಲಿನ ಕಾಡು. ಎಂದೂ ಬದಲಾಗದ ಕ್ಲಾಸುಗಳನ್ನೂ ಅಲ್ಲಿ ತುರುಕಿದವರಿದ್ದರು. ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಸುಮ್ಮನಿರುತ್ತದೆ, ಸರ್ವರ್ ಏಳುವಾಗ ಕ್ಲಾಸ್ ಸಿಗಲಿಲ್ಲವೆಂಬ ಎರರ್ ಬರುತ್ತದೆ. ಜಾಗದಿಂದ ಜಾಗಕ್ಕೆ ನಿಜವಾಗಿ ಬದಲಾಗುವುದು ಮಾತ್ರ ಫೈಲಿಗೆ ಹೋಗಬೇಕು, ಉಳಿದದ್ದು ಕೋಡಿನಲ್ಲೇ ಇರುವುದು ಮೇಲು. 2007ರಲ್ಲಿ ಬಂದ ಗೂಗಲ್‌ನ ಗೈಸ್, ಅದೇ ವರ್ಷ ಸ್ಪ್ರಿಂಗ್ 2.5 ತಂದ ಅನೋಟೇಶನ್‌ಗಳು ಜಾವಾದವರನ್ನು ಆ ಕಡೆಗೇ ತಿರುಗಿಸಿದವು.

ಆದರೆ ಕ್ಲಾಸಿನ ಹೆಸರಿರುವ ಫೈಲು ಕಾನ್ಫಿಗರೇಶನ್ ಅಲ್ಲ, ಅದೂ ಪ್ರೋಗ್ರಾಮೇ. ಇದನ್ನು ಸಂದೇಶ ಸಾಗಿಸುವ ಸರ್ವರ್ ಅಪಾಚೆ ಆಕ್ಟಿವ್‌ಎಂಕ್ಯೂನಲ್ಲಿ 2023ರ ಅಕ್ಟೋಬರ್‌ನಲ್ಲಿ ಬಯಲಾದ ಸಿವಿಇ-2023-46604 ಎಂಬ ಭದ್ರತಾ ದೋಷದಷ್ಟು ಸ್ಪಷ್ಟವಾಗಿ ಕಲಿಸಿದ ಪ್ರಕರಣ ಇನ್ನೊಂದಿಲ್ಲ. ಆ ಸರ್ವರ್‌ಗೆ ‘ಇಂಥ ಎರರ್ ಆಗಿದೆ’ ಎಂಬ ಸಂದೇಶ ಬಂದರೆ, ಎರರ್‌ನ ಕ್ಲಾಸಿನ ಹೆಸರೂ ವಿವರದ ಸಾಲೂ ಅದರಲ್ಲಿರುತ್ತಿದ್ದವು. ಸರ್ವರ್ ಆ ಕ್ಲಾಸನ್ನು ಹುಡುಕಿ, ಸಾಲನ್ನು ಅದಕ್ಕೆ ಕೊಟ್ಟು, ಆಬ್ಜೆಕ್ಟ್ ಕಟ್ಟುತ್ತಿತ್ತು. ಹೆಸರು ನಿಜಕ್ಕೂ ಎರರ್ ಕ್ಲಾಸಿನದೇ ಎಂದು ನೋಡುತ್ತಿರಲಿಲ್ಲ. ದಾಳಿಕೋರರು ಅಲ್ಲಿ ಸ್ಪ್ರಿಂಗ್‌ನ ‘ಕ್ಲಾಸ್‌ಪಾತ್ ಎಕ್ಸ್‌ಎಂಎಲ್ ಅಪ್ಲಿಕೇಶನ್ ಕಾಂಟೆಕ್ಸ್ಟ್’ ಹೆಸರು ಬರೆದರು, ವಿವರದ ಜಾಗದಲ್ಲಿ ತಮ್ಮ ಸರ್ವರ್‌ನಲ್ಲಿದ್ದ ಎಕ್ಸ್‌ಎಂಎಲ್‌ನ ವಿಳಾಸ ಕೊಟ್ಟರು. ಸ್ಪ್ರಿಂಗ್ ಆ ಫೈಲನ್ನು ತರಿಸಿಕೊಂಡು ಓದಿತು. ಅದರಲ್ಲಿದ್ದದ್ದು ‘ಪ್ರೋಸೆಸ್ ಬಿಲ್ಡರ್’ ಕ್ಲಾಸಿನ ಒಂದು ಬೀನ್, ಶುರುವಿನ ಮೆಥಡ್ ‘ಸ್ಟಾರ್ಟ್’. ಅಷ್ಟಕ್ಕೆ ದಾಳಿಕೋರರ ಕಮಾಂಡ್ ಬೇರೆಯವರ ಯಂತ್ರದಲ್ಲಿ ಓಡಿತು. ಇದರಲ್ಲಿ ಸ್ಪ್ರಿಂಗ್ ದಾರಿ ತಪ್ಪಲಿಲ್ಲ, ತನಗೆ ಹೇಳಿದ್ದನ್ನೇ ಮಾಡಿತು. ತೀವ್ರತೆಗೆ ಅಪಾಚೆ ಕೊಟ್ಟ ಅಂಕ ಹತ್ತಕ್ಕೆ ಹತ್ತು. ಪರಿಹಾರವೋ ಪುಟ್ಟದು: ಬಂದ ಹೆಸರು ಎರರ್‌ಗಳ ಮೂಲ ಕ್ಲಾಸ್ ‘ಥ್ರೋಯೆಬಲ್’ನ ವಂಶದ್ದೇ ಎಂದು ಮೊದಲು ಪರೀಕ್ಷಿಸುವುದು.

ಪೈಥಾನ್‌ನವರು ಇದೇ ಪಾಠವನ್ನು ಯಾಮಲ್ ಫೈಲುಗಳಿಂದ ಕಲಿತರು. ಅವನ್ನು ಓದುವ ಪೈಯಾಮಲ್ ಲೈಬ್ರರಿಯ ಹಳೆಯ ‘ಲೋಡ್’, ಫೈಲಿನಲ್ಲಿ ಹೆಸರಿಸಿದ ಯಾವುದೇ ಆಬ್ಜೆಕ್ಟನ್ನು ಕಟ್ಟಿಬಿಡುತ್ತಿತ್ತು, 2021ರ 6.0ರಿಂದ ಯಾವ ಲೋಡರ್ ಎಂದು ಬಾಯಿಬಿಟ್ಟು ಹೇಳಲೇಬೇಕು. ಹಾಗಾಗಿ ಒಳ್ಳೆಯ ವಿನ್ಯಾಸದಲ್ಲಿ ಫೈಲು ಕ್ಲಾಸಿನ ಪೂರ್ಣ ಹೆಸರನ್ನೇ ಹೇಳುವುದಿಲ್ಲ. ಮದುವೆ ಮನೆಯವರು ಅಡುಗೆ ಭಟ್ಟರಿಗೆ ಕೊಡುವ ಪಟ್ಟಿಯಲ್ಲಿ ತೊವ್ವೆ, ಕೋಸಂಬರಿ ಎಂದಿರುವಂತೆ ಬರೀ ಚಿಕ್ಕ ಹೆಸರುಗಳಿರುತ್ತವೆ. ಯಾವ ಹೆಸರಿಗೆ ಯಾವ ಕ್ಲಾಸ್ ಎಂಬ ನೋಂದಣಿ ಕೋಡಿನೊಳಗಿರುತ್ತದೆ, ಅಲ್ಲಿಲ್ಲದ ಹೆಸರು ಬಂದರೆ ಕೆಲಸ ನಿಲ್ಲುತ್ತದೆ.

ನಿರ್ಧಾರವನ್ನು ಓಡುವ ಹೊತ್ತಿನಿಂದ ಬಿಲ್ಡ್ ಹೊತ್ತಿಗೆ ತರುವ ದಾರಿಯೂ ಇದೆ. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3, ಜಾವಾ ಪ್ರೋಗ್ರಾಮನ್ನು ಮೊದಲೇ ಯಂತ್ರಭಾಷೆಗೆ ಇಳಿಸುವ ಗ್ರಾಲ್‌ವಿಎಂ ನೇಟಿವ್ ಇಮೇಜ್‌ಗಾಗಿ ಬೀನ್‌ಗಳ ಲೆಕ್ಕಾಚಾರವನ್ನು ಬಿಲ್ಡ್ ಹೊತ್ತಿಗೇ ಮುಗಿಸುತ್ತದೆ. ಪ್ರೋಗ್ರಾಂ ಥಟ್ಟನೆ ಏಳುತ್ತದೆ, ಆದರೆ ಯಾವ ಬೀನ್‌ಗಳು ಇರಬೇಕೆಂಬುದನ್ನು ಆಮೇಲೆ ಬದಲಿಸುವಂತಿಲ್ಲ. ಸಾಮಾನ್ಯ ವೆಬ್ ಸೇವೆಗಳಿಗೆ ಇದು ಒಪ್ಪುವ ರಾಜಿ. ಬಳಕೆದಾರರೇ ಪ್ಲಗಿನ್ ಹಾಕಿಕೊಳ್ಳುವ, ಬಿಲ್ಡ್ ಸರ್ವರ್ ಜೆಂಕಿನ್ಸ್‌ನಂಥದಕ್ಕೆ ಒಗ್ಗದು. ಅದರ ‘ಕಾನ್ಫಿಗ್.ಎಕ್ಸ್‌ಎಂಎಲ್’ನಲ್ಲಿ ಹಲವು ಟ್ಯಾಗುಗಳು ಕ್ಲಾಸಿನ ಹೆಸರುಗಳೇ. ಹಡ್ಸನ್ ಎಂದಿದ್ದ ಯೋಜನೆ 2011ರಲ್ಲಿ ಜೆಂಕಿನ್ಸ್ ಆದ ಮೇಲೂ ಆ ಫೈಲುಗಳಲ್ಲಿ ‘ಹಡ್ಸನ್.ಟಾಸ್ಕ್ಸ್.ಶೆಲ್’ ಹಾಗೇ ಉಳಿದಿದೆ.