ಕಲ್ಲಿಗೊಂದು ಕಾಲಂ ಇಲ್ಲ

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನವನ್ನು ಓದದವರೂ ಅದರ ಬಗ್ಗೆ ಬರೆದಿದ್ದಾರೆ. ಕ್ರಿ.ಶ. 945ರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಶಾಸನ ಅದು. ಅವನ ಮಂತ್ರಿ ನಾರಾಯಣ ಪಾವಿಟ್ಟಗೆಯಲ್ಲಿ, ಅಂದರೆ ಇಂದಿನ ಸಾಲೋಟಗಿಯಲ್ಲಿ, ಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಶಾಲೆಗೆ 500 ನಿವರ್ತನ ಭೂಮಿ, ಗುರುವಿಗೆ 50, ದೀಪಕ್ಕೆ 12. ಊರಲ್ಲಿ ಮದುವೆಯಾದರೆ ಐದು ಪುಷ್ಪ (ಆಗಿನ ನಾಣ್ಯ), ಉಪನಯನಕ್ಕೆ ಎರಡೂವರೆ ಪುಷ್ಪ ಶಾಲೆಗೆ ಸಲ್ಲಬೇಕು. ಈ ಅಂಕಿಗಳು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿವೆ. ಕೆಳಗೆ ಕೊಡುವ ಆಧಾರವೂ ಬಹುಮಟ್ಟಿಗೆ ಒಂದೇ: ಎಪಿಗ್ರಾಫಿಯ ಇಂಡಿಕಾ, ಸಂಪುಟ 4. ಆ ಸಂಪುಟವನ್ನು ಬಿಚ್ಚಿ ನೋಡಿದವರು ಯಾರು, ಇತಿಹಾಸಕಾರ ಅಲ್ತೇಕರರು ರಾಷ್ಟ್ರಕೂಟರ ಮೇಲೆ 1934ರಲ್ಲಿ ಪ್ರಕಟಿಸಿದ ಪುಸ್ತಕದ ಅಡಿಟಿಪ್ಪಣಿಯಿಂದ ಎತ್ತಿಕೊಂಡವರು ಯಾರು ಎಂಬುದು ಉಲ್ಲೇಖ ನೋಡಿದರೆ ತಿಳಿಯುವುದಿಲ್ಲ.

ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಈಗ ಝೊಟೆರೊ, ಮೆಂಡಲೆ, ಎಂಡ್‌ನೋಟ್‌ಗಳ ತರಬೇತಿ ಸಿಗುತ್ತಿದೆ. ಆಕರಗಳನ್ನು ಕೂಡಿಟ್ಟು, ಬರೆಯುವಾಗ ಬೇಕಾದಲ್ಲಿ ಉಲ್ಲೇಖ ಸೇರಿಸಿ, ಕೊನೆಗೆ ಗ್ರಂಥಋಣವನ್ನು ತಾನೇ ಕಟ್ಟಿಕೊಡುವ ತಂತ್ರಾಂಶಗಳಿವು. ತರಬೇತಿಯಲ್ಲಿ ತೋರಿಸುವ ಉದಾಹರಣೆ ಯಾವುದೋ ವಿಜ್ಞಾನಪತ್ರಿಕೆಯ ಲೇಖನದ್ದಾಗಿರುತ್ತದೆ. ಲೇಖನದ ಗುರುತಿನ ಸಂಖ್ಯೆಯಾದ ಡಿಒಐ ಹಾಕಿದ ಕ್ಷಣ ಲೇಖಕ, ಸಂಪುಟ, ಪುಟ ಎಲ್ಲವೂ ಬಂದು ಕೂರುತ್ತವೆ, ಸಭೆ ತಲೆದೂಗುತ್ತದೆ. ಆದರೆ ಕನ್ನಡ ಸಂಶೋಧಕನ ಮೇಜಿನ ಮೇಲೆ ಇರುವುದು ಅಂಥ ಲೇಖನವಲ್ಲ. ಹಾಗಾಗಿ ನಾನು ಝೊಟೆರೊವನ್ನು ಸಾಲೋಟಗಿಯ ಕಂಬಕ್ಕೆ ಒಡ್ಡಿ ನೋಡಿದೆ.

ಝೊಟೆರೊವನ್ನೇ ಆಯ್ದದ್ದಕ್ಕೆ ಕಾರಣವಿದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಕೇಂದ್ರವೊಂದು 2006ರಲ್ಲಿ ಇದನ್ನು ಹೊರತಂದಿತು. ಉಚಿತ, ಮುಕ್ತ ಆಕರದ ತಂತ್ರಾಂಶ. ದಾಖಲೆಗಳೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಮೆಂಡಲೆ 2013ರಲ್ಲಿ ಎಲ್ಸೆವಿಯರ್ ಪ್ರಕಾಶನದ ಪಾಲಾಯಿತು. ಹತ್ತು ವರ್ಷ ಕೂಡಿಟ್ಟ ಟಿಪ್ಪಣಿಯನ್ನು ಒಂದು ಕಂಪನಿಯ ಮರ್ಜಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಮೊದಲ ತೊಡಕು ಮೊದಲ ಹೆಜ್ಜೆಯಲ್ಲೇ ಎದುರಾಯಿತು. ಹೊಸ ದಾಖಲೆ ತೆರೆದರೆ ಝೊಟೆರೊ ಅದರ ಪ್ರಕಾರ ಕೇಳುತ್ತದೆ. ಪಾಡ್‌ಕಾಸ್ಟ್‌ಗೆ, ಬ್ಲಾಗ್ ಬರಹಕ್ಕೆ, ಭೂಪಟಕ್ಕೆ, ಕೋರ್ಟಿನ ತೀರ್ಪಿಗೆ ಅಲ್ಲಿ ಜಾಗವುಂಟು. ಶಾಸನಕ್ಕಿಲ್ಲ. ಹಸ್ತಪ್ರತಿ ಎನ್ನೋಣವೆಂದರೆ ಅದು ಓಲೆಯಲ್ಲ, ಕಲಾಕೃತಿ ಎನ್ನೋಣವೆಂದರೆ ನಾವು ಓದುತ್ತಿರುವುದು ಶಿಲ್ಪವನ್ನಲ್ಲ. ಇನ್ನು ಆ ಒಂದೇ ಕಂಬದ ಮೇಲೆ ಸಂಸ್ಕೃತವೂ ಇದೆ, ಕನ್ನಡವೂ ಇದೆ. ಎಲ್ಲವೂ ಒಂದೇ ಕಾಲದ ಬರಹವಲ್ಲ. ಒಂದು ದಾಖಲೆಗೆ ಒಂದು ಶೀರ್ಷಿಕೆ, ಒಂದು ವರ್ಷ ಎಂದು ನಂಬಿದ ಯಂತ್ರಕ್ಕೆ ಇದನ್ನು ಹೇಗೆ ತಿಳಿಸುವುದು?

ವರ್ಷದ ವಿಷಯ ಇನ್ನೂ ಕಷ್ಟ. ಕಲ್ಲು ಹೇಳುವುದು ಶಕ 867. ತಂತ್ರಾಂಶದ ದಿನಾಂಕದ ಕಾಲಮಿಗೆ ಶಕವೂ ಗೊತ್ತಿಲ್ಲ, ಸಂವತ್ಸರವೂ ಗೊತ್ತಿಲ್ಲ. 945 ಎಂದು ಬರೆದರೆ ಶಾಸನದ ಮಾತು ಅಳಿಸಿ ನಮ್ಮ ಲೆಕ್ಕ ಮಾತ್ರ ಉಳಿಯುತ್ತದೆ. ಶಕದಿಂದ ಕ್ರಿಸ್ತಶಕಕ್ಕೆ ತಿರುಗಿಸುವಾಗ ತಪ್ಪುವುದು ನಮ್ಮಲ್ಲಿ ಅಪರೂಪವಲ್ಲ. ಮೂಲದ ಅಂಕಿ ದಾಖಲೆಯಲ್ಲಿ ಉಳಿದಿದ್ದರೆ ತಾನೇ ಮುಂದಿನವರು ತಿದ್ದಬಲ್ಲರು?

ಹೆಸರುಗಳ ಪಾಡು ಕೇಳಬೇಡಿ. ಎಪಿಗ್ರಾಫಿಯ ಇಂಡಿಕಾದಲ್ಲಿ ಸಾಲೋಟಗಿಯ ಬರಹಗಳನ್ನು ಸಂಪಾದಿಸಿದವರು ಕೀಲ್‌ಹಾರ್ನ್ ಮತ್ತು ಎಚ್. ಕೃಷ್ಣಶಾಸ್ತ್ರಿ. ಜರ್ಮನಿಯ ಕೀಲ್‌ಹಾರ್ನರು ಸರಾಗವಾಗಿ ಒಳಹೋದರು. ಕೃಷ್ಣಶಾಸ್ತ್ರಿಗಳನ್ನು ಯಂತ್ರ ಸೀಳಿತು: ಶಾಸ್ತ್ರಿ ಕುಲನಾಮ, ಕೃಷ್ಣ ಸ್ವಂತ ಹೆಸರು. ಎಚ್ ಎಂದರೆ ಹೊಸಕೋಟೆ ಎಂಬ ಊರು, ಕೃಷ್ಣಶಾಸ್ತ್ರಿ ಎಂಬುದು ಇಡಿಯಾಗಿ ಒಂದು ಹೆಸರು ಎಂದು ಅದಕ್ಕೆ ಹೇಳಿಕೊಟ್ಟವರಿಲ್ಲ. ವಿಜಯಪುರದ ಕಡೆಯ ಹಳಕಟ್ಟಿ, ಕಲಬುರ್ಗಿಯಂಥ ಅಡ್ಡಹೆಸರುಗಳಿಗೆ ಅದರ ನಿಯಮ ಹೇಗೋ ಹೊಂದುತ್ತದೆ, ಮೈಸೂರಿನ ಕಡೆಯ ಇನಿಷಿಯಲ್‌ಗಳಿಗೆ ಹೊಂದುವುದಿಲ್ಲ. ಪುಣ್ಯಕ್ಕೆ ಹೆಸರನ್ನು ಎರಡು ತುಂಡು ಮಾಡದೆ ಒಂದೇ ಕಾಲಮಿನಲ್ಲಿ ಬರೆಯುವ ಸೌಲಭ್ಯ ಝೊಟೆರೊದಲ್ಲಿದೆ. ಕನ್ನಡಿಗರು ಮೊದಲು ಕಲಿಯಬೇಕಾದ ಗುಂಡಿ ಅದು. ಆದರೂ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಒಂದು ಕಡೆ ಕಲಬುರ್ಗಿ, ಇನ್ನೊಂದು ಕಡೆ ಕಲ್ಬುರ್ಗಿ, ಮತ್ತೊಂದು ಕಡೆ ಕಲಬುರಗಿ ಆಗಿ ದಾಖಲಾದರೆ ಮೂವರು ಬೇರೆ ಬೇರೆ ಲೇಖಕರಾಗಿಬಿಡುತ್ತಾರೆ. ಆ ಎಚ್ಚರ ಬಳಸುವವನದೇ.

ತಂತ್ರಾಂಶದ ತಲೆಗೆ ಕಟ್ಟಲಾಗದ ತಪ್ಪುಗಳೂ ಇವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕನ್ನಡ ಯೂನಿಕೋಡ್ ಅಲ್ಲ. ಅದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಂಥ ಪಿಡಿಎಫ್‌ಗಳ ಒಳಗೆ ಹುಡುಕಿದರೆ ಒಂದು ಪದವೂ ಸಿಗದು. ಝೊಟೆರೊದ ಬಲುದೊಡ್ಡ ಶಕ್ತಿ ಎಂದರೆ ಸಾವಿರಾರು ಪುಟಗಳ ಒಳಗೆ ಏಕಕಾಲಕ್ಕೆ ಹುಡುಕುವುದು. ನಮ್ಮ ಎಷ್ಟೋ ಪ್ರಬಂಧಗಳ ಮುಂದೆ ಆ ಶಕ್ತಿ ಕೈಕಟ್ಟಿ ಕೂರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ವಿವರಗಳೂ ಹಲವೆಡೆ ತಪ್ಪು. ಒಂದೇ ಒತ್ತಿಗೆ ಒಳಬಂದದ್ದನ್ನು ಹಾಗೇ ನಂಬಿದವರ ಗ್ರಂಥಋಣದಲ್ಲಿ ಆ ತಪ್ಪುಗಳು ಅಚ್ಚಾಗಿ ಕೂರುತ್ತವೆ. ಫ.ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಸಂಚಿಕೆಗಳಿಗೆ ಡಿಒಐ ಎಲ್ಲಿಯದು? ಪುಟ ತಿರುವಿ ಕೈಯಾರೆ ತುಂಬಬೇಕು.

ಇಷ್ಟಾದರೂ ನಾನು ಇದನ್ನು ಬಿಡಲಿಲ್ಲ. ಅದಕ್ಕೆ ಕಾರಣ ವಿಜಯಪುರ ಜಿಲ್ಲೆಯ ಶಾಸನಗಳ ಸ್ಥಿತಿ. ಹಳೆಯ ಮೈಸೂರಿನ ಶಾಸನಗಳಿಗೆ ಬಿ.ಎಲ್. ರೈಸ್ ವಿಳಾಸ ಕೊಟ್ಟು ಹೋದರು. ಎಪಿಗ್ರಾಫಿಯ ಕರ್ನಾಟಿಕದಲ್ಲಿ ತಾಲ್ಲೂಕಿನ ಹೆಸರು, ಮುಂದೊಂದು ಅಂಕಿ: ತಾಳಗುಂದದ ಕಂಬ ಎಂದರೆ ಶಿಕಾರಿಪುರ 176. ಕಾಗದದ ಮೇಲೆ ಮಾಡಿದ ಆಕರ ನಿರ್ವಹಣೆ ಅದು, ಎಷ್ಟು ಗಟ್ಟಿ ಎಂದರೆ ನೂರು ವರ್ಷ ದಾಟಿದರೂ ವಿದ್ವಾಂಸರ ಬಾಯಲ್ಲಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು, ರೈಸ್ ಅವರ ಎಣಿಕೆ ಇಲ್ಲಿಗೆ ಮುಟ್ಟಲಿಲ್ಲ. ಈ ಭಾಗದ ಶಾಸನಗಳು ಇಂಡಿಯನ್ ಆಂಟಿಕ್ವರಿಯಲ್ಲಿ, ಎಪಿಗ್ರಾಫಿಯ ಇಂಡಿಕಾದಲ್ಲಿ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೆಯ ಸಂಪುಟಗಳಲ್ಲಿ ಚದುರಿಹೋದವು. ಸಾಲೋಟಗಿಯ ಕಂಬವೇ 1872ರಲ್ಲಿ ಇಂಡಿಯನ್ ಆಂಟಿಕ್ವರಿಯ ಮೊದಲ ಸಂಪುಟದಲ್ಲಿ ಒಮ್ಮೆ, 1896–97ರ ಎಪಿಗ್ರಾಫಿಯ ಇಂಡಿಕಾದಲ್ಲಿ ಮತ್ತೊಮ್ಮೆ ಪ್ರಕಟವಾಯಿತು. ಚದುರಿದ್ದನ್ನು ಒಂದೆಡೆ ಕಟ್ಟುವ ಸಾಧನ ಈ ಜಿಲ್ಲೆಯವರಿಗೆ ಬೇಕಾದಷ್ಟು ಬೇರೆಯವರಿಗೆ ಬೇಡ.

ಕಟ್ಟುವ ಬಗೆಯನ್ನು ನಾನು ಹೀಗೆ ಕಂಡುಕೊಂಡೆ. ಕಂಬಕ್ಕೇ ಒಂದು ದಾಖಲೆ ತೆರೆದೆ. ಲೇಖಕನ ಕಾಲಂ ಖಾಲಿ, ಶಕ ವರ್ಷ ಟಿಪ್ಪಣಿಯಲ್ಲಿ. 1872ರ ಪಾಠಕ್ಕೆ ಬೇರೆ ದಾಖಲೆ, ಎಪಿಗ್ರಾಫಿಯ ಇಂಡಿಕಾದ ಪಾಠಕ್ಕೆ ಬೇರೆ, ಅಲ್ತೇಕರರಿಗೆ ಬೇರೆ. ಎಲ್ಲವನ್ನೂ ಸಂಬಂಧಿತ ದಾಖಲೆಗಳೆಂದು ಒಂದಕ್ಕೊಂದು ಜೋಡಿಸಿದೆ. ‘ಸಾಲೋಟಗಿ’ ಎಂಬ ಟ್ಯಾಗನ್ನು ಇಂಗ್ಲಿಷ್ ಕಾಗುಣಿತ ಏನೇ ಇರಲಿ ಎಲ್ಲದಕ್ಕೂ ಕನ್ನಡದಲ್ಲೇ ಹಚ್ಚಿದೆ. ನಾನು ಕಣ್ಣಾರೆ ಓದಿದ್ದಕ್ಕೆ ‘ನೋಡಿದೆ’, ಇನ್ನೊಬ್ಬರ ಅಡಿಟಿಪ್ಪಣಿಯಿಂದ ತಿಳಿದದ್ದಕ್ಕೆ ‘ಕೇಳಿದೆ’ ಎಂಬ ಇನ್ನೆರಡು ಟ್ಯಾಗ್ ಇಟ್ಟೆ. ಈ ಕೊನೆಯದನ್ನು ಮಾಡಿದ ಮೇಲೆ ನನ್ನ ಬರವಣಿಗೆಯೇ ಬದಲಾಯಿತು. ‘ಕೇಳಿದೆ’ ಎಂಬ ಚೀಟಿ ಹೊತ್ತ ಆಕರವನ್ನು ಮೂಲವೆಂದು ಅಡಿಟಿಪ್ಪಣಿಯಲ್ಲಿ ಬರೆಯಲು ಕೈ ಏಳುವುದಿಲ್ಲ. ನನ್ನ ಮಟ್ಟಿಗೆ ತಂತ್ರಾಂಶದ ನಿಜವಾದ ಬೆಲೆ ಇದು. ಅಲ್ಪವಿರಾಮ, ಇಟಾಲಿಕ್ಸ್‌ಗಳನ್ನು ಸರಿಯಾಗಿ ಕೂರಿಸುವುದು ಸಣ್ಣ ಉಪಕಾರ. ಯಾವ ಪದರದಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂದು ದಿನವೂ ನೆನಪಿಸುವುದು ದೊಡ್ಡದು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ, 1970ರಿಂದ 1995ರವರೆಗೆ ಹೊರಬಂದದ್ದು ಚೀಟಿಗಳ ಆಧಾರದ ಮೇಲೆ. ಅಂಥ ಚೀಟಿಯ ಶಿಸ್ತು ನಮಗೆ ಹೊಸದಲ್ಲ. ಒಬ್ಬೊಬ್ಬರ ಮನೆಯ ಪೆಟ್ಟಿಗೆಯಲ್ಲಿ ಕೂತ ಚೀಟಿಗಳು ಅವರ ಜೊತೆಗೇ ಹೋದದ್ದು ನಮ್ಮ ನಷ್ಟ. ಝೊಟೆರೊದಲ್ಲಿ ಹತ್ತಾರು ಜನ ಸೇರಿ ಬಳಸುವ ಗುಂಪು ಸಂಗ್ರಹವನ್ನು ಉಚಿತವಾಗಿ ತೆರೆಯಬಹುದು. ಉಚಿತ ಸ್ಥಳ 300 ಎಂಬಿ ಮಾತ್ರ, ಸ್ಕ್ಯಾನ್ ಆದ ಸಂಪುಟಗಳು ನಾಲ್ಕಾರು ಸೇರಿದರೆ ತುಂಬಿಹೋಗುತ್ತದೆ. ಆದರೆ ಬರೀ ವಿವರಗಳಿಗೆ ಆ ಮಿತಿ ಅಡ್ಡಬಾರದು.

ಆದ್ದರಿಂದ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕನ್ನಡ, ಇತಿಹಾಸ ವಿಭಾಗಗಳಲ್ಲಿ, ಜಿಲ್ಲೆಯ ಸಂಶೋಧನ ಕೇಂದ್ರಗಳಲ್ಲಿ ನನ್ನದೊಂದು ಕೋರಿಕೆ. ಪಾವಿಟ್ಟಗೆಯವರು ಶಾಲೆಯ ಭೂಮಿ, ಗುರುವಿನ ಭೂಮಿ ಬಿಟ್ಟು ದೀಪಕ್ಕೆಂದೇ ಬೇರೆ 12 ನಿವರ್ತನ ತೆಗೆದಿಟ್ಟರು. ನಿಮ್ಮ ಯೋಜನೆಗಳಲ್ಲಿ ಆಕರಸೂಚಿಗೆಂದೇ ಬೇರೆ ಹಣ, ಬೇರೆ ಒಬ್ಬ ವ್ಯಕ್ತಿ ಇರಲಿ. ಜಿಲ್ಲೆಯ ಶಾಸನಗಳಿಗೆ ಒಂದು ಗುಂಪು ಸಂಗ್ರಹ ತೆರೆಯಿರಿ. ತಾಲ್ಲೂಕು, ಊರು, ಶಕವರ್ಷ, ಪ್ರಕಟವಾದ ಎಲ್ಲ ಪಾಠಗಳು, ಕಲ್ಲಿನ ಇಂದಿನ ಫೋಟೊ ಇರಲಿ, ವಿವರಗಳೆಲ್ಲ ಯೂನಿಕೋಡ್ ಕನ್ನಡದಲ್ಲಿರಲಿ. ಮೊದಲ ದಾಖಲೆ ಸಾಲೋಟಗಿಯದಾಗಲಿ.