ಲೆಕ್ಕ ಕ್ಲೌಡ್‌ನಲ್ಲಿ, ಖಾತೆ ಯಾರ ಹೆಸರಲ್ಲಿ?

ಕ್ಲೌಡ್ ಭದ್ರತೆಯ ಬಗ್ಗೆ ಸಣ್ಣ ವ್ಯಾಪಾರಿಗಳಿಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಉದ್ದದ ಪಾಸ್‌ವರ್ಡ್ ಇಡಿ, ಡೇಟಾ ಎನ್‌ಕ್ರಿಪ್ಟ್ ಮಾಡಿ, ಬ್ಯಾಕಪ್ ತೆಗೆಯಿರಿ, ಸಿಬ್ಬಂದಿಗೆ ತರಬೇತಿ ಕೊಡಿ. ಯಾವುದೂ ತಪ್ಪಲ್ಲ. ಆದರೆ ಹಾಸನದ ಆಲೂಗಡ್ಡೆ ಮಂಡಿ, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರ, ಹೊಳೆನರಸೀಪುರದ ಬೀಜ-ಗೊಬ್ಬರದ ಅಂಗಡಿ ಇವುಗಳ ಮಟ್ಟಿಗೆ ಈ ಪಟ್ಟಿ ಎರಡನೆಯ ಪಾಠದಿಂದ ಶುರುವಾಗುತ್ತದೆ. ಖಾತೆ ಯಾರ ಹೆಸರಲ್ಲಿದೆ ಎಂಬ ಮೊದಲ ಪಾಠವನ್ನು ಅದು ಕಲಿಸುವುದೇ ಇಲ್ಲ.

ಮಾಲೀಕರೇ ಕೂತು ಯೋಚಿಸಿ ಕ್ಲೌಡ್‌ಗೆ ಹೋದ ಅಂಗಡಿಗಳು ನಮ್ಮ ಕಡೆ ಕಡಿಮೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಟ್ಯಾಲಿ ಡೇಟಾವನ್ನು ತನ್ನದೇ ಜಿಮೇಲ್‌ನ ಡ್ರೈವ್‌ಗೆ ಸೇರಿಸಿ ಹೋಗುತ್ತಾನೆ. ಜಿಎಸ್‌ಟಿಯ ಒಟಿಪಿ ಆಡಿಟರ್ ಕಚೇರಿಯಲ್ಲಿರುವ ಯಾರದೋ ಮೊಬೈಲಿಗೆ ಬರುತ್ತದೆ. ಗುಮಾಸ್ತರು ಎಷ್ಟೇ ಜನ ಇದ್ದರೂ ಯೂಸರ್ ಐಡಿ ಒಂದೇ, ಅದರ ಪಾಸ್‌ವರ್ಡ್ ಗಲ್ಲಾಪೆಟ್ಟಿಗೆಯ ಹಿಂದಿನ ಕ್ಯಾಲೆಂಡರಿನಲ್ಲಿ. ಇದೆಲ್ಲ ನಡೆಯುತ್ತಿರುವುದು ನಂಬಿಕೆಯ ಮೇಲೆ, ಮತ್ತು ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಿತ್ತನೆ ಬೀಜವನ್ನು ಸಾಲಕ್ಕೆ ಕೊಟ್ಟು, ಫಸಲು ಬಂದ ಮೇಲೆ ವಸೂಲಿ ಮಾಡುವ ವ್ಯವಹಾರ ನಿಂತಿರುವುದೇ ಅದರ ಮೇಲೆ. ಆದರೂ ಆ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿ ನಂಬರ್ ಬದಲಾಯಿಸಿದರೆ, ವರ್ಷಗಳ ರೈತರ ಬಾಕಿ ಲೆಕ್ಕಕ್ಕೆ ದಾರಿಯೇ ಇಲ್ಲದಂತಾಗುತ್ತದೆ. ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ, ಆದರೂ ಲೆಕ್ಕ ಹೋಗಿರುತ್ತದೆ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲ ಕೆಲಸ ವ್ಯಾಪಾರದ ಹೆಸರಿನಲ್ಲೇ ಒಂದು ಇಮೇಲ್ ಮಾಡಿಕೊಳ್ಳುವುದು. ಪಾಸ್‌ವರ್ಡ್ ಮರೆತಾಗ ಸಂದೇಶ ಬರುವ ನಂಬರ್ ಮಾಲೀಕರದ್ದಾಗಿರಬೇಕು, ಎರಡನೆಯದು ಮನೆಯವರೊಬ್ಬರದ್ದು. ಗುಮಾಸ್ತರಿಗೆ ತಲಾ ಒಂದೊಂದು ಐಡಿ ಇರಲಿ. ಬಿಲ್ ಹಾಕುವವರಿಗೆ ಬಿಲ್ ಹಾಕುವಷ್ಟೇ ಅಧಿಕಾರ ಸಾಕು, ಅಳಿಸುವ ಅಧಿಕಾರ ಬೇಡ. ಕೆಲಸ ಬಿಟ್ಟವರ ಐಡಿ ಅವರ ಲೆಕ್ಕ ಚುಕ್ತಾ ಮಾಡಿದ ದಿನವೇ ಮುಚ್ಚಬೇಕು. ಪಾಸ್‌ವರ್ಡ್ ಜೊತೆಗೆ ಎರಡನೆಯ ಪರಿಶೀಲನೆಯೂ ಇರಲೇಬೇಕು. ಎಸ್‌ಎಂಎಸ್‌ಗಿಂತ ಮೊಬೈಲಿನ ಅಥೆಂಟಿಕೇಟರ್ ಆ್ಯಪ್ ಗಟ್ಟಿ, ಆದರೆ ಏನೂ ಇಲ್ಲದಿರುವುದಕ್ಕಿಂತ ಎಸ್‌ಎಂಎಸ್ ಸಾವಿರ ಪಾಲು ಮೇಲು.

ಬ್ಯಾಕಪ್ ವಿಷಯದಲ್ಲಿ ನಮ್ಮಲ್ಲಿ ಇನ್ನೊಂದು ಭ್ರಮೆ ಬೇರೂರಿದೆ: ಕ್ಲೌಡ್‌ನಲ್ಲಿದ್ದರೆ ಅದೇ ಬ್ಯಾಕಪ್ ಎಂದು. 2014ರಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆ ದಾಳಿಕೋರರ ಕೈಗೆ ಸಿಕ್ಕಿತು. ಅವರು ಹಣ ಕೇಳಿದರು. ಕಂಪನಿಯವರು ಪಾಸ್‌ವರ್ಡ್ ಬದಲಿಸಲು ಹೊರಟಾಗ ದಾಳಿಕೋರರು ಡೇಟಾದ ಜೊತೆ ಬ್ಯಾಕಪ್ಪನ್ನೂ ಬಹುಪಾಲು ಅಳಿಸಿಹಾಕಿದರು. ಎರಡೂ ಒಂದೇ ಖಾತೆಯ ಕೈಕೆಳಗಿದ್ದವು. ಕಂಪನಿ ಮತ್ತೆ ಏಳಲಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಗೆ ಬಂದ ಕಷ್ಟವೂ ಅಂಥದ್ದೇ. ಅಲ್ಲಿ ದಾಳಿಕೋರರೇ ಇರಲಿಲ್ಲ, ಗೂಗಲ್ ಕ್ಲೌಡ್ ಕಡೆಯ ತಪ್ಪಿನಿಂದ ನಿಧಿಯ ಖಾಸಗಿ ಕ್ಲೌಡ್ ಚಂದಾದಾರಿಕೆಯೇ ಅಳಿಸಿಹೋಯಿತು. ಎರಡು ಕಡೆ ಇಟ್ಟಿದ್ದ ನಕಲುಗಳೂ ಅದೇ ಚಂದಾದಾರಿಕೆಯವಾದ್ದರಿಂದ ಒಟ್ಟಿಗೇ ಹೋದವು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಆ ಸಂಸ್ಥೆ ಉಳಿದುಕೊಂಡದ್ದು ಬೇರೊಂದು ಕಂಪನಿಯ ಬಳಿ ಪ್ರತ್ಯೇಕವಾಗಿ ಬ್ಯಾಕಪ್ ಇಟ್ಟಿದ್ದರಿಂದ.

ಎಲ್ಲಕ್ಕೂ ಒಂದೇ ಕಡೆ ನೆಚ್ಚಿಕೊಳ್ಳಬಾರದೆಂಬ ಈ ಎಚ್ಚರಕ್ಕೆ ಹಾಸನದಲ್ಲೇ ಉದಾಹರಣೆ ಇದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಈ ಊರಿನಲ್ಲಿದ್ದು, ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2005ರಲ್ಲಿ ಭೋಪಾಲ್‌ನಲ್ಲಿ ಎರಡನೆಯ ಕೇಂದ್ರ ಕಟ್ಟಿದರು. ಮಂಡಿಯವರು ಆ ಮಟ್ಟಕ್ಕೆ ಹೋಗಬೇಕಿಲ್ಲ. ವಾರಕ್ಕೊಮ್ಮೆ ಡೇಟಾವನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡು, ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಮನೆಯ ಬೀರುವಿನಲ್ಲಿಟ್ಟರೆ, ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನು ಮುಟ್ಟಲಾರದು.

ನಮ್ಮ ಕೈಮೀರಿದ ಭಾಗವೂ ಒಂದಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಆ ಬ್ಯಾಂಕುಗಳ ತಪ್ಪೇನೂ ಇರಲಿಲ್ಲ. 2025ರ ಜನವರಿಯಲ್ಲಿ ನಮ್ಮದೇ ರಾಜ್ಯದ ಆಸ್ತಿ ನೋಂದಣಿ ತಾಣ ಕಾವೇರಿ 2.0ಕ್ಕೆ ದುಷ್ಕರ್ಮಿಗಳು ನಕಲಿ ಖಾತೆಗಳಿಂದ ಒಂದೇ ಸಮನೆ ಕೋರಿಕೆ ಸುರಿಸಿ, ನೋಂದಣಿ ಕೆಲಸಕ್ಕೇ ಅಡ್ಡಿ ಮಾಡಿದರು. ಸಾಫ್ಟ್‌ವೇರ್ ಮಾರುವವರನ್ನು ದರ ಇಳಿಸಿ ಎಂದು ಕೇಳುವ ನಾವು, ನಿಮ್ಮ ಸರ್ವರ್ ನಿಂತರೆ ನನ್ನ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಸಿಗುತ್ತದೆ ಎಂದೂ ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು.

ಕಾನೂನು ಇಲ್ಲಿ ಅರ್ಧ ದಾರಿ ಮಾತ್ರ ಬಂದಿದೆ. ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿರುವ ಸರ್ವರ್‌ಗೆ ಹೋಗಬೇಕೆಂದು 2022ರಲ್ಲಿ ಬಂದ ನಿಯಮ ಅನ್ವಯಿಸುವುದು ಕಂಪನಿಗಳಿಗೆ. ಒಬ್ಬರದೇ ಮಾಲೀಕತ್ವದ ಮಂಡಿಗಳು ಅದರ ಹೊರಗೆ ಉಳಿಯುತ್ತವೆ. ಅದೇ ವರ್ಷ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ಸೂಚನೆಯ ಪ್ರಕಾರ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, ಯಾರು ಯಾವಾಗ ಏನು ಮಾಡಿದರೆಂದು ಬರೆದಿಡುವ ಲಾಗ್‌ಗಳನ್ನು 180 ದಿನ ಇಡಬೇಕು. ಒಂದೇ ಐಡಿಯಲ್ಲಿ ನಾಲ್ವರು ಕೆಲಸ ಮಾಡುವ ಅಂಗಡಿಯಲ್ಲಿ ಲಾಗ್ ಇದ್ದೂ ಉಪಯೋಗವಿಲ್ಲ, ಯಾರು ಅಳಿಸಿದರೆಂದು ಅದು ಹೇಳಲಾರದು. ಕ್ಲೌಡ್ ಕಂಪನಿ ಕಳಿಸುವ ಎಚ್ಚರಿಕೆಯ ಇಮೇಲ್ ಇಂಗ್ಲಿಷ್‌ನಲ್ಲಿ ಬಂದು, ಯಾರೂ ತೆರೆಯದ ಇನ್‌ಬಾಕ್ಸ್‌ನಲ್ಲಿ ಕೊಳೆಯುವುದು ನನಗೆ ಇದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ. ವಾರಕ್ಕೊಮ್ಮೆ ಅದನ್ನು ಓದಿ ಕನ್ನಡದಲ್ಲಿ ವಿವರಿಸುವವರು ಒಬ್ಬರು ಬೇಕು. 1960ರಿಂದ ಹಾಸನದಲ್ಲಿರುವ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗಬಲ್ಲದು.

ಬ್ಯಾಕಪ್ ಇದೆ ಎಂದು ಹೇಳುವವರಲ್ಲಿ ಅದನ್ನು ತೆರೆದು ನೋಡಿದವರು ಕಡಿಮೆ. ಅದಕ್ಕೆ ಏಪ್ರಿಲ್ ತಿಂಗಳು ಸರಿಯಾದ ಸಮಯ: ಹಳೆಯ ವರ್ಷದ ಲೆಕ್ಕ ಮುಗಿದಿರುತ್ತದೆ, ಬಿತ್ತನೆ ಆಲೂಗಡ್ಡೆಯ ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಬೇರೊಂದು ಕಂಪ್ಯೂಟರಿನಲ್ಲಿ, ಸಾಫ್ಟ್‌ವೇರ್ ಹುಡುಗನನ್ನು ಕರೆಯದೆ, ಬ್ಯಾಕಪ್‌ನಿಂದ ಡೇಟಾ ಎಬ್ಬಿಸಿ, ಒಬ್ಬ ರೈತರ ಕಳೆದ ವರ್ಷದ ಬಾಕಿಯನ್ನು ರಸೀದಿ ಪುಸ್ತಕದ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಸರಿಪಡಿಸಿಕೊಳ್ಳಲು ಮೇ ತಿಂಗಳವರೆಗೆ ಸಮಯವಿರುತ್ತದೆ.